ಎಕರೆ ನೆರವಿನ ಹಣ: ಉಳುವವನಿಗೋ, ಹೆಸರಿದ್ದವನಿಗೋ?



ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾದ ಮೇಲಿಂದ ಇಳಿದೊಡನೆ ನಮ್ಮ ಕೈಗೆ ಒಂದು ತೂಕದ ಚೀಟಿ ಬರುತ್ತದೆ. ಯಾರ ಹೆಸರು, ಎಷ್ಟು ಟನ್ನು, ಯಾವ ತಾರೀಖು ಎಂಬುದೆಲ್ಲ ಅದರಲ್ಲಿರುತ್ತದೆ. ಬಿಲ್ಲಿನಲ್ಲಿ ವ್ಯತ್ಯಾಸ ಕಂಡರೆ ಆ ಚೀಟಿ ಹಿಡಿದು ಕೇಳುತ್ತೇವೆ. ಎಷ್ಟು ಬೆಳೆದೆವೋ ಅಷ್ಟಕ್ಕೆ ಹಣ, ಇದು ನಮಗೆ ರೂಢಿಯಾದ ಲೆಕ್ಕ.

ಸರ್ಕಾರ ಎಕರೆಗೆ ಇಷ್ಟು ಎಂದು ಕೊಡುವ ನೆರವಿನ ಹಣಕ್ಕೆ ಇಂಥ ತೂಕದ ಚೀಟಿ ಇಲ್ಲ. ಹೊಲದಲ್ಲಿ ಏನು ಬೆಳೆಯಿತು, ಯಾರು ಬೆವರು ಸುರಿಸಿದರು ಎಂಬುದನ್ನು ಅಲ್ಲಿ ಯಾರೂ ತೂಗುವುದಿಲ್ಲ. ಅಲ್ಲಿ ದಾಖಲೆಯೇ ತಕ್ಕಡಿ. ದಾಖಲೆಯಲ್ಲಿ ಹೆಸರಿದ್ದವನಿಗೆ ಹಣ, ಇಲ್ಲದವನಿಗೆ ಇಲ್ಲ. ಈ ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳುವುದೇ ಈ ಪಾಠದ ಉದ್ದೇಶ. ಗಡಿಯಾಚೆಯ ಮಲ್ದಕಲ್ ಪ್ರದೇಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ಮಲ್ದಕಲ್ ಏಕೆ?

ಮುದಗಲ್, ಇಳಕಲ್ ಎಂಬ ಹೆಸರುಗಳಂತೆ ಮಲ್ದಕಲ್ ಎಂಬ ಹೆಸರೂ ನಮ್ಮ ಕಿವಿಗೆ ಹೊಸದಲ್ಲ. ಈ ಊರು ಈಗ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ ಕೇಂದ್ರ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಸೀಮೆಗೆ ನಡಿಗಡ್ಡ ಎಂದು ಹೆಸರು. ಹಿಂದೆ ಹೈದರಾಬಾದ್ ರಾಜ್ಯವಿದ್ದಾಗ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದುವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಈ ಎರಡು ತಾಲ್ಲೂಕುಗಳು ಆಂಧ್ರ ಪ್ರದೇಶದ ಮೆಹಬೂಬ್‌ನಗರ ಜಿಲ್ಲೆಗೆ ಸೇರಿದುವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್ 11ರಂದು ಗದ್ವಾಲ ಜಿಲ್ಲೆಯಾಯಿತು. 2019ರ ಫೆಬ್ರುವರಿಯಲ್ಲಿ ಮಕ್ತಲ್ ಸೀಮೆಯನ್ನೂ ಕೂಡಿಸಿಕೊಂಡು ನಾರಾಯಣಪೇಟ ಜಿಲ್ಲೆ ಬೇರೆಯಾಯಿತು.

ಗಡಿ ರೇಖೆ ಸರಿಯಿತು, ನಂಟು ಹರಿಯಲಿಲ್ಲ. ಈಚೆಯವರು ಆಚೆ ಹೆಣ್ಣು ಕೊಟ್ಟಿದ್ದಾರೆ, ತಂದಿದ್ದಾರೆ. ಮನೆ ಇತ್ತ, ಹೊಲ ಅತ್ತ ಇರುವವರೂ ಉಂಟು. ಪಹಾಣಿ, ಪಟ್ಟಾ, ಕೌಲು ಎಂಬ ಮಾತುಗಳು ಎರಡೂ ಕಡೆ ಒಂದೇ. ಆದ್ದರಿಂದ ಅಲ್ಲಿನ ಅನುಭವದಿಂದ ನಾವು ಕಲಿಯುವುದು ಬಹಳ ಇದೆ.

ಜುರಾಲಾ ಮತ್ತು ನೆಟ್ಟೆಂಪಾಡು ಯೋಜನೆಗಳ ನೀರು ಬಂದ ಕಡೆ ಅಲ್ಲಿ ಭತ್ತ ಬೆಳೆಯುತ್ತಾರೆ. ಶೇಂಗಾ, ತೊಗರಿ, ಮೆಣಸಿನಕಾಯಿ ಇವೆ. ಎಲ್ಲಕ್ಕಿಂತ ಹೆಸರಾದದ್ದು ಬಿತ್ತನೆ ಹತ್ತಿ. ಗಿಡದ ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ತಾಗಿಸುವ ಈ ಬೆಳೆಗೆ ಕೂಲಿಯ ಖರ್ಚು ವಿಪರೀತ. ಬಿತ್ತುವ ಮೊದಲೇ ಕೈಯಲ್ಲಿ ಕಾಸು ಬೇಕು. ಇಲ್ಲದಿದ್ದರೆ ಬಡ್ಡಿಯ ಸಾಲವೇ ಗತಿ. ಇಂಥ ಹೊತ್ತಿನಲ್ಲಿ ಎಕರೆ ನೆರವು ಸಕಾಲಕ್ಕೆ ಬರುವುದಕ್ಕೂ ಬಾರದಿರುವುದಕ್ಕೂ ಎಷ್ಟು ಅಂತರವೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ನೆರವು ಬರುವ ನಾಲ್ಕು ದಾರಿ

ಸಬ್ಸಿಡಿ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬಗೆಯ ನೆರವುಗಳನ್ನು ಕಲಸಿಬಿಡುತ್ತೇವೆ. ಅವನ್ನು ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ಬೆಲೆಯ ನೆರವು. ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರ ಈ ಬಗೆಯದು. 2025–26ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲಿಗೆ ರೂ. 355, ಅಂದರೆ ಟನ್ನಿಗೆ ರೂ. 3,550 ಎಂದು ಗೊತ್ತುಪಡಿಸಲಾಯಿತು. ಇಲ್ಲಿ ಹಣ ಬರುವುದು ಬೆಳೆಯ ತೂಕದ ಮೇಲೆ.

ಎರಡನೆಯದು ಒಳಸುರಿಯ ನೆರವು. 45 ಕಿಲೋ ಯೂರಿಯಾ ಚೀಲವನ್ನು ನಾವು ರೂ. 266.50ಕ್ಕೆ ಕೊಳ್ಳುತ್ತೇವೆ. ಅದರ ತಯಾರಿಕೆಗೆ ತಗಲುವ ಹೆಚ್ಚಿನ ಖರ್ಚನ್ನು ಸರ್ಕಾರ ಗೊಬ್ಬರದ ಕಂಪನಿಗೆ ಕೊಡುತ್ತದೆ. ಇಲ್ಲಿ ಚೀಲ ಕೊಂಡವನಿಗೆ ಲಾಭ. ಹೊಲ ಯಾರದಾದರೂ ಸರಿ.

ಮೂರನೆಯದು ನಷ್ಟಕ್ಕೆ ಪರಿಹಾರ ಮತ್ತು ವಿಮೆ. ಬರ, ನೆರೆ, ಆಲಿಕಲ್ಲು ಬಂದಾಗ ಮಾತ್ರ ಇದು.

ನಾಲ್ಕನೆಯದು ನೇರ ನೆರವು. ಬೆಳೆ ಬರಲಿ ಬಿಡಲಿ, ಎಕರೆಗೆ ಇಷ್ಟು ಅಥವಾ ಕುಟುಂಬಕ್ಕೆ ಇಷ್ಟು ಎಂದು ಬ್ಯಾಂಕಿನ ಖಾತೆಗೆ ಜಮೆಯಾಗುವ ಹಣ. ನಮ್ಮ ಪಾಠ ಈ ನಾಲ್ಕನೆಯದನ್ನು ಕುರಿತದ್ದು.

ಬೆಲೆಯ ನೆರವಿಗೂ ನೇರ ನೆರವಿಗೂ ಇನ್ನೊಂದು ಭೇದವಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು; ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಬೇಕು. ನೇರ ನೆರವಿಗೆ ಇಂಥ ಬಡ್ಡಿಯ ಕಟ್ಟಳೆ ಇಲ್ಲ. ಸರ್ಕಾರದ ಬೊಕ್ಕಸದ ಸ್ಥಿತಿ ನೋಡಿಕೊಂಡು ಅದು ಬೇಗಲೂ ಬಂದೀತು, ತಡವಾಗಿಯೂ ಬಂದೀತು. ಆದ್ದರಿಂದ ಆ ಹಣ ಬಂದೇ ಬಿಟ್ಟಿತೆಂದು ತಿಳಿದು ಮುಂಚಿತವಾಗಿ ಸಾಲ ಮಾಡುವುದು ಜಾಣತನವಲ್ಲ.

ರೈತು ಬಂಧುವಿನಿಂದ ರೈತು ಭರೋಸಾದವರೆಗೆ

ತೆಲಂಗಾಣ ಸರ್ಕಾರ ರೈತು ಬಂಧು ಎಂಬ ಯೋಜನೆಯನ್ನು 2018ರ ಮೇ 10ರಂದು ಆರಂಭಿಸಿತು. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ, ಎಕರೆಗೆ ರೂ. 4,000 ಕೊಡುವುದೆಂದು ಗೊತ್ತಾಯಿತು. ಮೊದಲ ಹಂಗಾಮಿನಲ್ಲಿ ಊರೂರಿಗೆ ಹೋಗಿ ಚೆಕ್ಕುಗಳನ್ನು ಹಂಚಿದರು. ಆಮೇಲೆ ಹಣ ನೇರವಾಗಿ ಬ್ಯಾಂಕಿಗೆ ಬಂತು. 2019–20ರಿಂದ ಅದು ಎಕರೆಗೆ ರೂ. 5,000 ಆಯಿತು.

ಮೊದಲ ವರ್ಷಕ್ಕೆ ಆ ಸರ್ಕಾರ ತೆಗೆದಿರಿಸಿದ ಮೊತ್ತ 12,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಒಂದು ಪಟ್ಟಿ ಬೇಕಾಯಿತು. ಅದಕ್ಕಾಗಿ 2017ರ ಸೆಪ್ಟೆಂಬರ್ 15ರಿಂದ ಭೂದಾಖಲೆಗಳ ಶುದ್ಧೀಕರಣ ನಡೆಯಿತು. ತಕರಾರಿಲ್ಲದ ಜಮೀನುಗಳು ಎ ಭಾಗಕ್ಕೂ ತಕರಾರಿನವು ಬಿ ಭಾಗಕ್ಕೂ ಸೇರಿದುವು. ಎ ಭಾಗದವರಿಗೆ ಹೊಸ ಪಟ್ಟಾದಾರ್ ಪಾಸ್‌ಬುಕ್ ಬಂತು, ಅದರ ಹಿಂದೆಯೇ ನೆರವಿನ ಹಣವೂ ಬಂತು. ಬಿ ಭಾಗಕ್ಕೆ ಬಿದ್ದವರು ಪಾಸ್‌ಬುಕ್ಕೂ ಇಲ್ಲದೆ ಹಣವೂ ಇಲ್ಲದೆ ಕಚೇರಿಗೆ ಅಲೆಯಬೇಕಾಯಿತು.

2018ರ ಆಗಸ್ಟಿನಲ್ಲಿ ರೈತು ಬೀಮಾ ಎಂಬ ಇನ್ನೊಂದು ಯೋಜನೆ ಬಂತು. 18ರಿಂದ 59 ವಯಸ್ಸಿನ ಪಟ್ಟಾದಾರ ರೈತ ಯಾವ ಕಾರಣದಿಂದ ತೀರಿಕೊಂಡರೂ ಅವನು ಹೆಸರಿಸಿದ ವಾರಸುದಾರರಿಗೆ 5 ಲಕ್ಷ ರೂಪಾಯಿ. ವಿಮೆಯ ಕಂತನ್ನು ಸರ್ಕಾರವೇ ಜೀವ ವಿಮಾ ನಿಗಮಕ್ಕೆ ಕಟ್ಟುತ್ತದೆ. ಇದಕ್ಕೂ ಪಾಸ್‌ಬುಕ್ಕೇ ಆಧಾರ. ಹೊಲದ ಕಾಗದದಲ್ಲಿ ಹೆಸರಿಲ್ಲವೆಂದರೆ ಕಳೆದುಹೋಗುವುದು ಹಂಗಾಮಿನ ಹಣ ಮಾತ್ರವಲ್ಲ, ಮನೆಯ ಯಜಮಾನ ಕಣ್ಮುಚ್ಚಿದ ದಿನದ ಆಸರೆಯೂ ಹೌದು.

2020ರ ಅಕ್ಟೋಬರಿನಲ್ಲಿ ಧರಣಿ ಎಂಬ ಗಣಕೀಕೃತ ವ್ಯವಸ್ಥೆ ಜಾರಿಗೆ ಬಂತು. ಕೆಲಸ ಬೇಗ ಆಯಿತೆಂದು ಮೆಚ್ಚಿದವರಿದ್ದರು. ಒಮ್ಮೆ ತಪ್ಪು ಸೇರಿದರೆ ತಿದ್ದಿಸುವುದು ಕಷ್ಟವೆಂದು ಗೋಳಾಡಿದವರೂ ಇದ್ದರು. ಅದರ ಬದಲಿಗೆ 2025ರ ಏಪ್ರಿಲ್ 14ರಂದು ಭೂಭಾರತಿ ಜಾರಿಗೆ ಬಂತು. ಅದನ್ನು ಮೊದಲು ಪ್ರಯೋಗಕ್ಕೆ ತಂದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟ ಜಿಲ್ಲೆಯ ಮದ್ದೂರು ಒಂದು. ತಪ್ಪು ತಿದ್ದಿಸಲು ಅರ್ಜಿ, ಅದು ತಿರಸ್ಕೃತವಾದರೆ ಮೇಲ್ಮನವಿ, ಹೀಗೆ ಹಂತಗಳನ್ನು ಅದರಲ್ಲಿ ಇರಿಸಲಾಗಿದೆ.

ನೆರವಿನ ಯೋಜನೆಯ ಹೆಸರೂ ಬದಲಾಯಿತು. 2025ರ ಜನವರಿ 26ರಿಂದ ರೈತು ಬಂಧುವಿನ ಜಾಗದಲ್ಲಿ ರೈತು ಭರೋಸಾ ಬಂತು. ದರ ಎಕರೆಗೆ ಹಂಗಾಮಿಗೆ ರೂ. 6,000, ವರ್ಷಕ್ಕೆ ರೂ. 12,000. ಹಿಂದೆ ಗುಡ್ಡ, ರಸ್ತೆ, ನಿವೇಶನವಾಗಿ ಹೋದ ಹೊಲಗಳಿಗೂ ಹಣ ಸಲ್ಲುತ್ತಿತ್ತು ಎಂಬ ದೂರಿತ್ತು. ಹೊಸ ಯೋಜನೆಯಲ್ಲಿ ಸಾಗುವಳಿಗೆ ಯೋಗ್ಯವಾದ ಜಮೀನಿಗೆ ಮಾತ್ರ ಎಂದು ಗೊತ್ತುಪಡಿಸಿದರು. ಹಣ ಸೇರುವುದು ಮಾತ್ರ ಮೊದಲಿನಂತೆ ಪಟ್ಟಾದಾರನ ಹೆಸರಿಗೇ.

ಗುಂಟೆಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಎಕರೆಗೆ 40 ಗುಂಟೆ. ಎಕರೆಗೆ ರೂ. 6,000 ಎಂದರೆ ಗುಂಟೆಗೆ ರೂ. 150. ಇದೊಂದನ್ನು ನೆನಪಿಟ್ಟರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ.

ಪಾಸ್‌ಬುಕ್ಕಿನಲ್ಲಿ 3.20 ಎಂದು ಬರೆದಿದೆ ಎನ್ನಿ. ಅದು 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ. ಗುಂಟೆಗಳಲ್ಲಿ 140. ಅದನ್ನು 150ರಿಂದ ಗುಣಿಸಿದರೆ ರೂ. 21,000. ಶಾಲೆಯ ಹುಡುಗರಂತೆ ಇದನ್ನು ದಶಮಾಂಶವೆಂದು ತಿಳಿದು 3.2 ಎಕರೆ ಎಂದು ಲೆಕ್ಕ ಹಾಕಿದರೆ ರೂ. 19,200 ಬರುತ್ತದೆ. ವ್ಯತ್ಯಾಸ ರೂ. 1,800. ಹಾಗೆಯೇ 3.05 ಎಂದಿದ್ದರೆ ಅದು 3 ಎಕರೆ 5 ಗುಂಟೆ, ರೂ. 18,750. ಅದನ್ನು ಮೂರೂವರೆ ಎಂದು ಓದಿ, ಕಡಿಮೆ ಬಂತೆಂದು ಕಚೇರಿಯವರೊಡನೆ ಜಗಳಕ್ಕೆ ಹೋಗಬಾರದು. ನಮ್ಮ ಕಡೆಯ ಪಹಾಣಿಯಲ್ಲಿಯೂ ಎಕರೆ–ಗುಂಟೆಗಳನ್ನು ಬರೆಯುವ ಕ್ರಮ ಹೀಗೆಯೇ ಇರುವುದರಿಂದ ಈ ಎಚ್ಚರ ಎಲ್ಲರಿಗೂ ಬೇಕು.

ಹೆಸರು ತಪ್ಪಿದರೆ ಹಣ ತಪ್ಪುತ್ತದೆ

ದಾಖಲೆಯೇ ತಕ್ಕಡಿ ಎಂದೆವು. ತಕ್ಕಡಿಯೇ ಓರೆಯಾಗಿದ್ದರೆ ಏನಾಗುತ್ತದೆ? ಸಾಮಾನ್ಯವಾಗಿ ಕಾಣುವ ಮೂರು ಸಂದರ್ಭಗಳನ್ನು ನೋಡಿ.

ಒಂದು, ತೀರಿಕೊಂಡವರ ಹೆಸರು. ತಂದೆ ತೀರಿಕೊಂಡು ವರ್ಷಗಳಾದುವು. ಆರು ಎಕರೆ ಜಮೀನು. ಇಬ್ಬರು ಗಂಡುಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದಾರೆ. ಖಾತೆ ಇನ್ನೂ ತಂದೆಯ ಹೆಸರಿನಲ್ಲಿಯೇ ಇದೆ. ಸತ್ತವರ ಖಾತೆಗೆ ಹಣ ಬಾರದು, ಬಂದರೂ ತೆಗೆಯಲಾಗದು. ಹಂಗಾಮಿಗೆ ರೂ. 36,000, ವರ್ಷಕ್ಕೆ ರೂ. 72,000 ಹೀಗೆ ನಿಂತುಹೋಗುತ್ತದೆ. ಏಕೆ ಖಾತೆ ಮಾಡಿಸಲಿಲ್ಲ ಎಂದು ಕೇಳಿದರೆ, ಅಕ್ಕನ ರುಜು ಬೇಕು, ಅವಳಿಗೂ ಪಾಲು ಬರುತ್ತದೆ ಎಂಬ ಅಳುಕು. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ಮುಚ್ಚಿಟ್ಟರೆ ಹಕ್ಕು ಹೋಗುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಮೂವರೂ ಕುಳಿತು ಮಾತಾಡಿ ಎರಡೆರಡು ಎಕರೆ ಖಾತೆ ಮಾಡಿಸಿಕೊಂಡರೆ ಒಬ್ಬೊಬ್ಬರಿಗೂ ಹಂಗಾಮಿಗೆ ರೂ. 12,000 ಸೇರುತ್ತದೆ. ಗಂಡ ತೀರಿಕೊಂಡ ಹೆಣ್ಣುಮಗಳ ವಿಷಯದಲ್ಲಂತೂ ಈ ಕೆಲಸವನ್ನು ತಿಂಗಳು ಮುಗಿಯುವುದರೊಳಗೆ ಆರಂಭಿಸಬೇಕು. ಮೈದುನರೂ ಭಾವಂದಿರೂ ಆಮೇಲೆ ನೋಡೋಣ ತಾಯಿ ಎಂದರೆ, ಆ ಆಮೇಲೆ ಎಂಬುದು ಬರುವುದೇ ಇಲ್ಲ. ಇದಕ್ಕೆ ತೆಲಂಗಾಣದಲ್ಲಿ ವಿರಾಸತ್ ಎನ್ನುತ್ತಾರೆ, ನಮ್ಮಲ್ಲಿ ಪೌತಿ ಖಾತೆ.

ಎರಡು, ಬಿಳಿ ಕಾಗದದ ಕ್ರಯ. ನೋಂದಣಿ ಖರ್ಚು ಉಳಿಸಲು ಹಿರಿಯರು ಬಿಳಿ ಕಾಗದದ ಮೇಲೆ ಬರೆದುಕೊಂಡು ಹಣ ಕೊಟ್ಟು ಹೊಲ ಕೊಂಡರು. ಇದೇ ಸಾದಾ ಬೈನಾಮಾ. ಕೊಂಡವರು ಮೂವತ್ತು ವರ್ಷ ಉತ್ತಿದ್ದರೂ ದಾಖಲೆಯಲ್ಲಿ ಮಾರಿದವನ ಹೆಸರು ಉಳಿದಿರುತ್ತದೆ. ಎಕರೆ ನೆರವು ಬಂದಾಗ ಅದು ಮಾರಿದವನ ಮಕ್ಕಳ ಖಾತೆಗೆ ಹೋಗುತ್ತದೆ. ಆಗ ಹಳೆಯ ಸ್ನೇಹ ಹೋಗಿ ಹೊಸ ವ್ಯಾಜ್ಯ ಹುಟ್ಟುತ್ತದೆ.

ಮೂರು, ಹೆಸರಿನ ವ್ಯತ್ಯಾಸ. ತೆಲುಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕನ್ನಡದವರು ತಂದೆಯ ಹೆಸರನ್ನು ಜೊತೆಗೆ ಬರೆಯುತ್ತಾರೆ. ಪಾಸ್‌ಬುಕ್ಕಿನಲ್ಲಿ ವೀರಣ್ಣ, ಆಧಾರಿನಲ್ಲಿ ಈರಣ್ಣ, ಬ್ಯಾಂಕಿನಲ್ಲಿ ಈರಪ್ಪ ಎಂದಿದ್ದರೆ ಯಂತ್ರಕ್ಕೆ ಅವರು ಮೂವರು ಬೇರೆ ಮನುಷ್ಯರು. ಊರಿನವರಿಗೆ ಒಬ್ಬನೇ ಎಂದು ಗೊತ್ತಿದ್ದರೆ ಸಾಲದು.

ಉಳುವವನ ಹೆಸರು ಎಲ್ಲಿದೆ?

ಮೇಲಿನ ಮೂರೂ ತಪ್ಪುಗಳನ್ನು ತಿದ್ದಿಸಬಹುದು. ತಿದ್ದಿಸಲಾಗದ ಒಂದು ಕೊರತೆ ಇದೆ. ಅದು ಕೌಲಿಗೆ ಹೊಲ ಮಾಡುವವನದು. ಅವನನ್ನು ಲಾವಣಿಯವನು, ಪಾಲಿನವನು, ಗುತ್ತಿಗೆಯವನು ಎಂದು ಏನೇ ಕರೆಯಿರಿ, ಪಾಸ್‌ಬುಕ್ಕಿನಲ್ಲಿ ಅವನಿಗೆ ಜಾಗವಿಲ್ಲ.

ಒಂದು ಲೆಕ್ಕ ನೋಡಿ. ಯಜಮಾನ ಪಟ್ಟಣದಲ್ಲಿದ್ದಾನೆ. ಅವನ ನಾಲ್ಕು ಎಕರೆಯನ್ನು ಒಬ್ಬ ಬಡ ರೈತ ವರ್ಷಕ್ಕೆ ಎಕರೆಗೆ ರೂ. 15,000ರಂತೆ ಕೌಲಿಗೆ ಹಿಡಿದಿದ್ದಾನೆ ಎಂದುಕೊಳ್ಳೋಣ. ಕೌಲಿನ ಹಣ ರೂ. 60,000. ಸರ್ಕಾರದ ನೆರವು ಎರಡು ಹಂಗಾಮಿಗೆ ರೂ. 48,000. ಎರಡೂ ಸೇರಿ ಯಜಮಾನನಿಗೆ ರೂ. 1,08,000. ಬೀಜ, ಗೊಬ್ಬರ, ಔಷಧ, ಕೂಲಿ ಎಲ್ಲ ಕೌಲುದಾರನ ತಲೆಯ ಮೇಲೆ. ಮಳೆ ಕೈಕೊಟ್ಟರೆ ಯಜಮಾನನ ಆದಾಯ ಒಂದು ಪೈಸೆ ಕಡಿಮೆಯಾಗುವುದಿಲ್ಲ. ಕೌಲುದಾರನ ಮನೆಯ ಬೆಳ್ಳಿ ಬಂಗಾರ ಅಡವಿಗೆ ಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಇದು ಹೊಸ ಪ್ರಶ್ನೆಯಲ್ಲ. 1950ರಲ್ಲಿ ಹೈದರಾಬಾದ್ ರಾಜ್ಯದ ಗೇಣಿ ಕಾನೂನು ರಕ್ಷಿತ ಗೇಣಿದಾರರು ಎಂಬ ವರ್ಗವನ್ನು ಗುರುತಿಸಿ ಅವರಿಗೆ ಹಕ್ಕು ಕೊಟ್ಟಿತು. ಆಗ ರಾಯಚೂರೂ ಗದ್ವಾಲವೂ ಒಂದೇ ಕಾನೂನಿನ ಕೆಳಗಿದ್ದುವು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನೇ ನೆಲದ ಒಡೆಯ ಎಂಬ ಮಾತನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ ಅನೇಕರು ಜಮೀನಿನ ಒಡೆಯರಾದರು. ಅದೇ ಕಾನೂನು ಮುಂದೆ ಗೇಣಿಗೆ ಕೊಡುವುದನ್ನು, ಸೈನಿಕರು ಮತ್ತು ನಾವಿಕರಂಥ ಕೆಲವರನ್ನು ಬಿಟ್ಟು, ನಿಷೇಧಿಸಿತು. ನಿಷೇಧದಿಂದ ಗೇಣಿ ನಿಲ್ಲಲಿಲ್ಲ. ಕಾಗದದಿಂದ ಇಳಿದು ಬಾಯಿಮಾತಿಗೆ ಬಂತು. ಮುಂದೆ ಕಾಗದ ನೋಡಿ ಹಣ ಕೊಡುವ ಕಾಲ ಬಂದಾಗ ಬಾಯಿಮಾತಿನ ರೈತ ಹೊರಗುಳಿದ.

ಹೊರದೇಶದಲ್ಲಿಯೂ ಹೀಗೆಯೇ ನಡೆದಿದೆ. ಅಮೆರಿಕದಲ್ಲಿ 1933ರಲ್ಲಿ ಹತ್ತಿಯ ಬೆಲೆ ಪಾತಾಳಕ್ಕೆ ಇಳಿದಾಗ ಸರ್ಕಾರ ಬೇಸಾಯ ಹೊಂದಾಣಿಕೆ ಕಾಯಿದೆ ತಂದು, ನಿಂತ ಹತ್ತಿಯನ್ನು ಉತ್ತು ಹಾಕಿದರೆ ಹಣ ಕೊಡುತ್ತೇವೆ ಎಂದಿತು. ಸುಮಾರು 1 ಕೋಟಿ ಎಕರೆ ಹತ್ತಿ ಮಣ್ಣಾಯಿತು. ಹಣ ಭೂಮಾಲೀಕರ ಕೈ ಸೇರಿತು. ಪಾಲಿನ ರೈತರಿಗೆ ಅವರ ಭಾಗ ಸೇರಬೇಕೆಂದಿದ್ದರೂ ಎಷ್ಟೋ ಕಡೆ ಸೇರಲಿಲ್ಲ. ಎಕರೆ ಕಡಿಮೆ ಮಾಡಿದ ಮೇಲೆ ನಿಮ್ಮ ಕೆಲಸವಿಲ್ಲ ಎಂದು ಅವರನ್ನು ಗುಡಿಸಲುಗಳಿಂದಲೂ ಎಬ್ಬಿಸಿದರು. 1934ರಲ್ಲಿ ಆರ್ಕನ್ಸಾ ಸಂಸ್ಥಾನದಲ್ಲಿ ಕಪ್ಪು ಮತ್ತು ಬಿಳಿ ಜನಾಂಗದ ಗೇಣಿ ರೈತರು ಕೂಡಿ ದಕ್ಷಿಣ ಗೇಣಿ ರೈತರ ಸಂಘ ಕಟ್ಟಬೇಕಾಯಿತು. ನೆಲದ ಹೆಸರಿನಲ್ಲಿ ಕೊಟ್ಟ ಹಣ ತಾನಾಗಿ ದುಡಿಯುವವನವರೆಗೆ ಹರಿಯುವುದಿಲ್ಲ ಎಂಬುದು ಅಲ್ಲಿ ಕಂಡುಬಂದ ಸತ್ಯ.

ಹಾಗಾದರೆ ದಾರಿಯೇ ಇಲ್ಲವೇ? ಕೆಲವು ರಾಜ್ಯಗಳು ದಾರಿ ಹುಡುಕಿವೆ. ಅವಿಭಜಿತ ಆಂಧ್ರದಲ್ಲಿ 2011ರ ಕಾನೂನು ಕೌಲುದಾರರಿಗೆ ಸಾಲ ಅರ್ಹತಾ ಕಾರ್ಡು ಕೊಡುವ ಏರ್ಪಾಡು ಮಾಡಿತು. ಆಂಧ್ರ ಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ತಂದಿತು. ಅದರಲ್ಲಿ ಒಡೆತನಕ್ಕೆ ಧಕ್ಕೆ ಬಾರದಂತೆ ಬೆಳೆಯ ಮೇಲಿನ ಹಕ್ಕನ್ನು ಮಾತ್ರ ಗುರುತಿಸುತ್ತಾರೆ. ಒಡಿಶಾದ ಕಾಲಿಯಾ ಯೋಜನೆಯೂ ಪಶ್ಚಿಮ ಬಂಗಾಳದ ಕೃಷಕ ಬಂಧು ಯೋಜನೆಯೂ ಪಾಲಿನ ರೈತರನ್ನು ಲೆಕ್ಕಕ್ಕೆ ತೆಗೆದುಕೊಂಡುವು. ತೆಲಂಗಾಣದಲ್ಲಿ 2025ರ ಜನವರಿಯಲ್ಲಿ ರೈತು ಭರೋಸಾದ ಜೊತೆಗೆ ಇಂದಿರಮ್ಮ ಆತ್ಮೀಯ ಭರೋಸಾ ಎಂಬ ಯೋಜನೆ ಆರಂಭವಾಯಿತು. 2023–24ರಲ್ಲಿ ಕನಿಷ್ಠ 20 ದಿನ ಉದ್ಯೋಗ ಖಾತ್ರಿ ಕೆಲಸ ಮಾಡಿದ, ಭೂಮಿಯಿಲ್ಲದ ಕೂಲಿ ಕುಟುಂಬಕ್ಕೆ ವರ್ಷಕ್ಕೆ ರೂ. 12,000 ಎಂಬುದು ಅದರ ನಿಯಮ. ಸ್ವಂತ ನೆಲವಿಲ್ಲದ ಕೌಲುದಾರನ ಮನೆಗೆ ಈ ಬಾಗಿಲಿನಿಂದ ಸ್ವಲ್ಪ ನೆರವು ಬರಬಹುದು. ಆದರೆ ಅದು ಕೂಲಿಯವನೆಂದು ಬರುವ ಹಣ, ಬೆಳೆಗಾರನೆಂದು ಬರುವುದಲ್ಲ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ನಾವು ಸಹಕಾರಿಗಳು ಮಾಡಬಹುದಾದದ್ದು ಒಂದಿದೆ. ನಮ್ಮ ಸದಸ್ಯರಲ್ಲಿ ಹೊಲವನ್ನು ಬೇರೆಯವರಿಗೆ ಒಪ್ಪಿಸಿದವರಿದ್ದಾರೆ. ಅವರು ಎಕರೆ ನೆರವಿನ ಅರ್ಧವನ್ನಾದರೂ ಕೌಲಿನಲ್ಲಿ ಮುರಿದುಕೊಡಬೇಕು. ಮೇಲಿನ ಲೆಕ್ಕದಲ್ಲಿ ಹಾಗೆ ಮಾಡಿದರೆ ಕೌಲು ರೂ. 60,000ದಿಂದ ರೂ. 36,000ಕ್ಕೆ ಇಳಿಯುತ್ತದೆ. ಯಜಮಾನನಿಗೆ ಆಗಲೂ ನೆರವು ಸೇರಿ ರೂ. 84,000 ಉಳಿಯುತ್ತದೆ. ಕೌಲುದಾರನಿಗೆ ಉಳಿದ ರೂ. 24,000 ಹೊಲಕ್ಕೇ ಗೊಬ್ಬರವಾಗಿ ಹಿಂದಿರುಗುತ್ತದೆ. ಹೊಲ ಚೆನ್ನಾಗಿರುವುದು ಯಜಮಾನನ ಹಿತವೂ ಅಲ್ಲವೇ?

ಗಡಿಯ ಎರಡೂ ಕಡೆ ಇರುವವರಿಗೆ

ರಾಜ್ಯದ ಎಕರೆ ನೆರವು ಜಮೀನನ್ನು ಹಿಂಬಾಲಿಸುತ್ತದೆ. ಹೊಲ ಯಾವ ರಾಜ್ಯದ ದಾಖಲೆಯಲ್ಲಿದೆಯೋ ಆ ರಾಜ್ಯದ ಯೋಜನೆ ಆ ಹೊಲಕ್ಕೆ. ರಾಯಚೂರಿನ ಕಡೆಯ ಹೊಲಕ್ಕೆ ರೈತು ಭರೋಸಾ ಕೇಳುವಂತಿಲ್ಲ.

ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಕೇಂದ್ರದ್ದು. 2018ರ ಡಿಸೆಂಬರ್ 1ರಿಂದ ಅನ್ವಯವಾಗುವಂತೆ 2019ರ ಫೆಬ್ರುವರಿಯಲ್ಲಿ ಆರಂಭವಾಯಿತು. ವರ್ಷಕ್ಕೆ ರೂ. 6,000, ಮೂರು ಕಂತುಗಳಲ್ಲಿ. ಇದು ಎಕರೆಗೆ ಅಲ್ಲ, ಕುಟುಂಬಕ್ಕೆ. ಗಂಡ, ಹೆಂಡತಿ, ವಯಸ್ಸಿಗೆ ಬಾರದ ಮಕ್ಕಳು ಸೇರಿ ಒಂದು ಕುಟುಂಬ. ಆದ್ದರಿಂದ ಎರಡು ರಾಜ್ಯಗಳಲ್ಲಿ ಹೊಲವಿದ್ದರೂ ಒಮ್ಮೆಯೇ ಪಡೆಯಬೇಕು. ಎರಡು ಕಡೆ ಪಡೆದರೆ ಹಿಂದಿರುಗಿಸಬೇಕಾಗುತ್ತದೆ. 2019ರ ಫೆಬ್ರುವರಿ 1ರಂದು ದಾಖಲೆಯಲ್ಲಿ ಹೆಸರಿರಬೇಕೆಂದು ನಿಯಮ ಮಾಡಿದರು. ಒಡೆಯ ತೀರಿಕೊಂಡು ವಾರಸಾದಲ್ಲಿ ಬಂದ ಹೊಲಕ್ಕೆ ವಿನಾಯಿತಿ ಕೊಟ್ಟರು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು (ಕೆಳದರ್ಜೆಯ ನೌಕರರನ್ನು ಬಿಟ್ಟು), ವೃತ್ತಿಯಲ್ಲಿರುವ ವೈದ್ಯರು, ವಕೀಲರು ಮೊದಲಾದವರಿಗೆ ಇದು ಸಲ್ಲದು. ಇಲ್ಲಿಯೂ ಗೇಣಿದಾರನಿಗೆ ಸ್ಥಾನವಿಲ್ಲ.

ಕರ್ನಾಟಕ ಸರ್ಕಾರ 2019ರಿಂದ ಇದಕ್ಕೆ ತನ್ನ ಪಾಲಾಗಿ ವರ್ಷಕ್ಕೆ ರೂ. 4,000 ಸೇರಿಸಿ ಕೊಟ್ಟಿತು. 2023ರಲ್ಲಿ ಅದು ನಿಂತಿತು. ಬರಪರಿಹಾರದಂಥ ಹಣಕ್ಕೆ ನಮ್ಮಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಅದರಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡಿಕೊಳ್ಳದ ರೈತರು, ಹಣ ಕಡಿಮೆ ಬಂದ ಮೇಲೆ ಕೃಷಿ ಇಲಾಖೆಯ ಬಾಗಿಲಿಗೆ ಹೋಗುತ್ತಾರೆ. ಬಾವಿ ತೋಡುವುದು ಮನೆಗೆ ಬೆಂಕಿ ಬೀಳುವುದಕ್ಕೆ ಮೊದಲು.

ಈಗ ಮಾಡಬೇಕಾದ ಕೆಲಸಗಳು

1. ಮನೆಯಲ್ಲಿರುವ ಪಾಸ್‌ಬುಕ್ ಅಥವಾ ಪಹಾಣಿಯನ್ನು ಹೊರತೆಗೆದು ಹೆಸರು, ಸರ್ವೆ ನಂಬರು, ಎಕರೆ–ಗುಂಟೆ ಮೂರನ್ನೂ ಓದಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ತೆಲುಗಿನಲ್ಲಿದ್ದರೆ ಬಲ್ಲವರಿಂದ ಕನ್ನಡದಲ್ಲಿ ಒಂದು ಪ್ರತಿ ಬರೆಸಿಟ್ಟುಕೊಳ್ಳಿ.

2. ದಾಖಲೆ, ಆಧಾರ್, ಬ್ಯಾಂಕು ಮೂರರಲ್ಲಿಯೂ ಹೆಸರು ಒಂದೇ ಬಗೆಯಲ್ಲಿ ಇರಲಿ. ಆಧಾರಿಗೆ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ ತಿಳಿಯಿರಿ.

3. ಮನೆಯ ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷಗಳೊಡನೆ ವಿರಾಸತ್ ಅಥವಾ ಪೌತಿ ಖಾತೆಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ.

4. ಅರ್ಜಿ ಕೊಟ್ಟಲ್ಲೆಲ್ಲ ಸ್ವೀಕೃತಿ ಪಡೆಯಿರಿ. ತೂಕದ ಚೀಟಿಯಿಲ್ಲದೆ ಕಾಟಾ ಬಿಟ್ಟು ಬರುತ್ತೀರಾ?

5. ನೆರವಿನ ಹಣ ಬಂದ ದಿನ, ಮೊತ್ತ ಎರಡನ್ನೂ ಒಂದು ವಹಿಯಲ್ಲಿ ಬರೆದಿಡಿ. ಗುಂಟೆಯ ಲೆಕ್ಕದೊಡನೆ ಹೋಲಿಸಿ.

6. ಹಣ ಬರಿಸಿಕೊಡುತ್ತೇನೆ, ಶೇಕಡಾ ಇಷ್ಟು ಕೊಡಿ ಎನ್ನುವವರಿಗೆ ಪಾಸ್‌ಬುಕ್ಕನ್ನಾಗಲಿ, ಮೊಬೈಲಿಗೆ ಬರುವ ಗುಟ್ಟಿನ ಅಂಕಿಯನ್ನಾಗಲಿ ಕೊಡಬೇಡಿ.

ಅಭ್ಯಾಸ

ಓದುವವರು ಒಬ್ಬರು, ಕೇಳುವವರು ನಾಲ್ವರು ಕೂಡಿ ಕುಳಿತು ಈ ಪ್ರಶ್ನೆಗಳನ್ನು ಬಿಡಿಸಿ.

1. ಎಕರೆಗೆ ರೂ. 6,000ರಂತೆ 2 ಎಕರೆ 15 ಗುಂಟೆಗೆ ಒಂದು ಹಂಗಾಮಿನ ನೆರವು ಎಷ್ಟು?

2. ತಂದೆಯ ಹೆಸರಿನಲ್ಲಿ 5 ಎಕರೆ 10 ಗುಂಟೆ ಇದೆ. ಮೂವರು ಮಕ್ಕಳು ಸಮನಾಗಿ ಖಾತೆ ಮಾಡಿಸಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ನೆಲ, ಹಂಗಾಮಿಗೆ ಎಷ್ಟು ಹಣ?

3. ನಿಮ್ಮ ಊರಿನಲ್ಲಿ ಬೇರೆಯವರ ಹೊಲ ಮಾಡುವವರು ಎಷ್ಟು ಮನೆಯವರು? ನೆರವಿನ ಹಣ ಬಂದ ಮೇಲೆ ಅವರ ಕೌಲು ಇಳಿಯಿತೇ, ಏರಿತೇ, ಹಾಗೆಯೇ ಉಳಿಯಿತೇ?

ಉತ್ತರ: ಮೊದಲನೆಯದಕ್ಕೆ 95 ಗುಂಟೆ, ರೂ. 14,250. ಎರಡನೆಯದಕ್ಕೆ ತಲಾ 1 ಎಕರೆ 30 ಗುಂಟೆ, ರೂ. 10,500. ಮೂರನೆಯದರ ಉತ್ತರ ಈ ಪುಟದಲ್ಲಿಲ್ಲ, ನಿಮ್ಮ ಊರಿನಲ್ಲಿದೆ. ಅದನ್ನು ಕೇಳುವಾಗ ಹೊಲದ ಯಜಮಾನರ ಮನೆಗೆ ಹೋಗುವುದಕ್ಕೆ ಮೊದಲು ಆ ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವವರನ್ನು ಕೇಳಿ.